ಹೆಣ್ಣು ಸಾಲಿನ ಲಾಯ

ಆ ಕುದುರೆ ಮೊದಲ ಭೇಟಿಯಲ್ಲೇ ನನ್ನನ್ನು ಗೋಡೆಗೆ ಒತ್ತಿ ಹಿಡಿಯಿತು. ಕಚ್ಚಲಿಲ್ಲ, ಒದೆಯಲಿಲ್ಲ. ತನ್ನ ಮೈಭಾರವನ್ನೆಲ್ಲ ನನ್ನ ಪಕ್ಕೆಲುಬಿನ ಮೇಲೆ ಹಾಕಿ, ಇಲ್ಲಿ ದೊಡ್ಡವರು ಯಾರು ಎಂಬುದನ್ನು ತಿಳಿಸಿತು ಅಷ್ಟೆ. ದಿಲ್ಲಿಯ ಸುತ್ತಮುತ್ತ ಕುದುರೆಗಳ ವೈದ್ಯೆಯಾಗಿ ತಿರುಗುವವಳಿಗೆ ಇಂಥ ಮರ್ಯಾದೆ ಹೊಸದಲ್ಲ. ಹೊಸದೆನಿಸಿದ್ದು, ನಾನು ಪಕ್ಕೆ ಸವರಿಕೊಳ್ಳುತ್ತ ಹೊರಗೆ ಬಂದಾಗ ಲಾಯದ ಮಾಲಕಿ ಕೇಳಿದ ಮಾತು.

“ಡಾಕ್ಟರ್‌ಜೀ, ಇವಳಿಗೆ ಒಂದು ಮಗಳು ಹುಟ್ಟಬೇಕು. ಮಗ ಬೇಡ. ಆಗುತ್ತಾ?”

ಗಂಡು ಮಗುವಿಗೇ ಹರಕೆ ಹೊರುವ ಹರಿಯಾಣದ ನೆಲದಲ್ಲಿ ನಿಂತು ಈ ಮಾತು ಕೇಳುವ ಭಾಗ್ಯ ಎಷ್ಟು ವೈದ್ಯರಿಗೆ ಸಿಕ್ಕಿದೆಯೋ ಗೊತ್ತಿಲ್ಲ. ನಾನು ನಕ್ಕುಬಿಟ್ಟೆ. ಆಕೆ ನಗಲಿಲ್ಲ. ಚಹಾ ತರಿಸಿ, ಕೂರಿಸಿ, ಮನೆಯ ಕಥೆ ಹೇಳಿದರು.

ಫರೀದಾಬಾದಿನ ಕಾರ್ಖಾನೆಗಳು ಮುಗಿದು ಅರಾವಳಿಯ ಕುರುಚಲು ಗುಡ್ಡ ಶುರುವಾಗುವ ಕಡೆ ಇದೆ ಆ ಫಾರ್ಮ್. ಈಗ ಮೂರು ದಿಕ್ಕಿನಿಂದ ಅಪಾರ್ಟ್‌ಮೆಂಟುಗಳು ಬಂದು ಬೇಲಿಗೆ ಮೂಗು ತಾಗಿಸಿ ನಿಂತಿವೆ. ಮಾಲಕಿಯ ಅಜ್ಜ ಹರೆಯದಲ್ಲಿ ದಕ್ಷಿಣದ ಎಲ್ಲೋ ಒಂದು ಅಶ್ವದಳದಲ್ಲಿ ಸವಾರರಾಗಿದ್ದವರು. ಊರಿಗೆ ಮರಳಿದ ಮೇಲೆ ಒಂದು ಮಾರ್ವಾಡಿ ಹೆಣ್ಣು ಕುದುರೆ ಕೊಂಡು, ಕಲ್ಲುನೆಲವನ್ನು ಹದಮಾಡಿ ಲಾಯ ಕಟ್ಟಿದರು. ಮಾರ್ವಾಡಿ ಎಂದರೆ ಕಿವಿಗಳ ತುದಿ ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವ ಜಾತಿ. ಜಂಬಕ್ಕೆ ಬೇರೆ ಗುರುತು ಬೇಕಿಲ್ಲ. ಆ ಕುದುರೆಯ ಮಗಳು, ಮಗಳ ಮಗಳು ಎಂದು ಫಾರ್ಮ್ ಬೆಳೆಯಿತು. ಗಂಡು ಮರಿಗಳನ್ನು ಮಾರುತ್ತಿದ್ದರು, ಹೆಣ್ಣು ಮರಿಗಳನ್ನು ಇಟ್ಟುಕೊಳ್ಳುತ್ತಿದ್ದರು. ಅಜ್ಜ ಸಾಯುವ ಮುಂಚೆ ಮನೆಯವರನ್ನೆಲ್ಲ ಕೂರಿಸಿ ಹೇಳಿದ್ದು ಒಂದೇ ಮಾತಂತೆ: ಆ ಕುದುರೆಯ ಹೆಣ್ಣು ಸಾಲು ಇರುವಷ್ಟು ಕಾಲ ಜಾಗ ಒಡೆಯಬೇಡಿ, ಸಾಲು ಮುಗಿದ ಮೇಲೆ ನಿಮ್ಮಿಷ್ಟ. ಕಾಗದವಿಲ್ಲ, ಪತ್ರವಿಲ್ಲ. ಆದರೆ ಮಾತು ಎಂದರೆ ಮಾತೇ ಎನ್ನುವ ಪೈಕಿಯವರು ಅವರು.

ಈಗ ಉಳಿದಿದ್ದವರು ಅಜ್ಜನ ಮಗ, ಅವರ ಮಗಳಾದ ಈ ಮಾಲಕಿ, ಮತ್ತು ಆಕೆಯ ತಮ್ಮ. ಅಜ್ಜನ ಮಗನನ್ನು ಎಲ್ಲರೂ ಬಾವೂಜಿ ಎನ್ನುತ್ತಿದ್ದರು. ವಯಸ್ಸಾದ ಮೇಲೆ ಲಾಯದ ಬಾಗಿಲಲ್ಲಿ ಚಾರ್‌ಪಾಯಿ ಎಂಬ ಹಗ್ಗದ ಮಂಚ ಹಾಕಿಸಿಕೊಂಡು ದಿನವಿಡೀ ಅಲ್ಲೇ ಕೂರುತ್ತಿದ್ದರು. ತಮ್ಮ ಗುರುಗ್ರಾಮದಲ್ಲಿದ್ದ. ತನ್ನ ಪಾಲಿನಲ್ಲಿ ಫ್ಲ್ಯಾಟುಗಳನ್ನು ಕಟ್ಟಿಸುವ ಆಸೆ ಅವನದು. ಕೆಟ್ಟವನೇನಲ್ಲ. “ದೀದಿ, ಅಜ್ಜನ ಮಾತು ನಾನು ಮುರಿಯಲ್ಲ. ಆದರೆ ಸಾಲು ಮುಗಿದರೆ ನೀನೂ ಮುರಿಯಬಾರದು” ಎಂದು ನೇರವಾಗಿ ಹೇಳಿದ್ದನಂತೆ. ಬೇರೆಯವು ಒಂದೊಂದಾಗಿ ಸತ್ತು, ಸಾಲಿನಲ್ಲಿ ಉಳಿದದ್ದು ನನ್ನನ್ನು ಗೋಡೆಗೆ ಒತ್ತಿದ ಆ ಒಂದೇ ಕುದುರೆ. ಪ್ರದರ್ಶನಗಳಲ್ಲಿ ಗೆಲ್ಲಿಸುವ ಉಮೇದಿನಲ್ಲಿ ಅದಕ್ಕೆ ಮರಿ ಮಾಡಿಸುವುದನ್ನೇ ಮುಂದೂಡಿದ್ದರು. ಈಗ ಅದಕ್ಕೂ ವಯಸ್ಸು ಮೀರುತ್ತಿತ್ತು.

“ಗರ್ಭ ನಿಲ್ಲುವಂತೆ ಮಾಡುವುದು ನನ್ನ ಕೆಲಸ. ಮಗಳೋ ಮಗನೋ ಅನ್ನೋದು ನನ್ನ ಕೈಯಲ್ಲಿಲ್ಲ” ಎಂದೆ.

“ನಿಮ್ಮ ಕೈಯಲ್ಲಿ ಇರೋದನ್ನ ನೀವು ಮಾಡಿ” ಎಂದರು ಮಾಲಕಿ. ಈ ಉತ್ತರ ನನಗೆ ಹಿಡಿಸಿತು.

ಹೆಣ್ಣು ಕುದುರೆ ಬೆದೆಗೆ ಬರುವುದು ಹಗಲು ಉದ್ದವಾದಾಗ. ದೀಪಾವಳಿ ಕಳೆದ ಮೇಲೆ ದಿಲ್ಲಿಯಲ್ಲಿ ಹಗಲೆಂಬುದೇ ಅನುಮಾನದ ವಸ್ತು, ಹೊಗೆಯ ಹಿಂದೆ ಸೂರ್ಯ ಕಂಡರೆ ಕಂಡ. ಅದಕ್ಕೇ ಲಾಯದೊಳಗೆ ದೊಡ್ಡ ದೀಪಗಳನ್ನು ಹಾಕಿಸಿ, ಸಂಜೆಯಾದ ಮೇಲೂ ಬೆಳಗಿಸಿಟ್ಟೆವು. ಬೇಸಿಗೆ ಬಂತೆಂದು ಕುದುರೆಯ ಮೈಗೆ ಸುಳ್ಳು ಹೇಳುವ ಉಪಾಯ ಇದು. ಮೈ ನಂಬಿತು. ಚಳಿ ಮುಗಿಯುವ ಮೊದಲೇ ಬೆದೆಯ ಲಕ್ಷಣ ಕಂಡಿತು.

ಸ್ಕ್ಯಾನ್ ಮಾಡಿದಾಗ ಗರ್ಭಕೋಶದಲ್ಲಿ ನೀರು ನಿಂತಿದ್ದು ಗೊತ್ತಾಯಿತು. ಮರಿ ಹಾಕದೆ ವಯಸ್ಸಾದ ಕುದುರೆಗಳಲ್ಲಿ ಇದು ಮಾಮೂಲಿ. ಬೆಚ್ಚಗಿನ ಸಲೈನ್ ಹಾಕಿ ತೊಳೆದು, ಒಳ್ಳೆಯ ಸಾಲಿನ ಗಂಡು ಕುದುರೆಗೆ ಕೊಡಿಸಿದೆವು. ಎರಡು ವಾರ ಬಿಟ್ಟು ನೋಡಿದರೆ ಖಾಲಿ. ಮುಂದಿನ ಬೆದೆಗೆ ಮೊದಲು ಮತ್ತೆ ತೊಳೆದೆ, ಅಂಡ ಬಿಡುವ ಹೊತ್ತನ್ನು ದಿನಾ ಸ್ಕ್ಯಾನ್ ಮಾಡಿ ಹಿಡಿದೆ, ಕೊಡಿಸಿದ ಮರುದಿನ ಇನ್ನೊಮ್ಮೆ ತೊಳೆದೆ. ಈ ಸಲ ಪರದೆಯ ಮೇಲೆ ಗೋಲಿಯಷ್ಟು ದೊಡ್ಡ ಕಪ್ಪು ಉರುಟು ಕಂಡಿತು. “ಸಿಕ್ಕಿತು” ಎಂದು ಕನ್ನಡದಲ್ಲೇ ಕೂಗಿದೆ. ಅರ್ಥ ಹೇಳುವ ಅಗತ್ಯ ಬೀಳಲಿಲ್ಲ.

ಎರಡು ತಿಂಗಳು ದಾಟಿದ ಮೇಲೆ ಸ್ಕ್ಯಾನಿನಲ್ಲಿ ಗಂಡು ಹೆಣ್ಣು ಹೇಳಬಹುದು. ನೋಡಲೇ ಎಂದು ಕೇಳಿದೆ. ಬಾವೂಜಿ ಚಾರ್‌ಪಾಯಿಯಿಂದಲೇ ಕೈ ಅಡ್ಡ ಆಡಿಸಿದರು. “ನಮ್ಮ ಕಡೆ ಅದನ್ನ ನೋಡಿ ನೋಡಿಯೇ ಊರು ಹಾಳಾಗಿದೆ. ಲಾಯದಲ್ಲಿ ಬೇಡ.”

ಮರುವರ್ಷದ ಚಳಿಗಾಲದಲ್ಲಿ ಕೆಚ್ಚಲು ತುಂಬಿ, ಮೊಲೆತುದಿಯಲ್ಲಿ ಮೇಣದಂಥ ಹನಿ ಗಟ್ಟಿಯಾಯಿತು. ಹೆರಿಗೆ ಹತ್ತಿರವೆಂದು ಅರ್ಥ. ಅತ್ತ ತಮ್ಮನೂ ಸುಮ್ಮನಿರಲಿಲ್ಲ. ಯಾವುದಕ್ಕೂ ಇರಲಿ ಎಂದು ಜಾಗದ ಅಳತೆಯವರಿಗೆ ಹೇಳಿಟ್ಟಿದ್ದ. ಒಂದು ಮುಂಜಾನೆ ಮಾಲಕಿಯ ಫೋನ್ ಬಂತು.

“ಹೆಣ್ಣು, ಡಾಕ್ಟರ್‌ಜೀ, ಹೆಣ್ಣು! ಎದ್ದೂ ನಿಂತಿದ್ದಾಳೆ. ಆದರೆ ತಾಯಿ ಹತ್ತಿರ ಸೇರಿಸುತ್ತಾ ಇಲ್ಲ. ಒದೀತಾಳೆ. ಬೇಗ ಬನ್ನಿ.”

ದಿಲ್ಲಿಯ ಮಯೂರ್ ವಿಹಾರದ ಮನೆಯಿಂದ ಹೊರಟರೆ ದಾರಿಯುದ್ದಕ್ಕೂ ಮಂಜು. ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣದು. ಆ ದೀಪದ ಬಾಲ ಹಿಡಿದುಕೊಂಡೇ ಹೋದೆ.

ಲಾಯದಲ್ಲಿ ಕಂಡದ್ದು ಇದು: ಒಂದು ಮೂಲೆಯಲ್ಲಿ ಬೆವತು, ಕಿವಿ ಹಿಂದಕ್ಕೆ ಮಡಚಿ ನಿಂತ ತಾಯಿ. ಇನ್ನೊಂದು ಮೂಲೆಯಲ್ಲಿ ಉದ್ದ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೂರಾಡುವ ಮರಿ. ಅದರ ಪಕ್ಕೆಯ ಮೇಲೆ ಗೊರಸಿನ ಗುರುತು. ಮರಿಯ ಹೊಕ್ಕುಳಿಗೆ ಔಷಧ ಹಚ್ಚಿ, ಪಕ್ಕೆ ಮುಟ್ಟಿ ನೋಡಿದೆ. ಎಲುಬು ಮುರಿದಿರಲಿಲ್ಲ. ಆದರೆ ಹೊತ್ತು ಓಡುತ್ತಿತ್ತು. ಮನುಷ್ಯರ ಕೂಸಿನ ಹಾಗಲ್ಲ ಕುದುರೆಯ ಮರಿ. ರೋಗ ತಡೆಯುವ ಶಕ್ತಿ ಅದಕ್ಕೆ ಹೊಟ್ಟೆಯಲ್ಲಿದ್ದಾಗ ಸಿಗುವುದಿಲ್ಲ, ಎಲ್ಲವೂ ತಾಯಿಯ ಗಿಣ್ಣು ಹಾಲಿನಿಂದಲೇ ಬರಬೇಕು, ಅದೂ ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ. ಗಿಣ್ಣು ಸಿಗದಿದ್ದರೆ ಮೇಕೆಯ ಹಾಲು ಕೊಟ್ಟು ಹೊಟ್ಟೆ ತುಂಬಿಸಬಹುದು, ಜೀವ ಉಳಿಯುತ್ತದೆಂದು ಹೇಳಲಾಗದು. ಬೇರೆ ಕುದುರೆಯ ಪ್ಲಾಸ್ಮಾ ತರಿಸಲು ಫೋನ್ ಮಾಡಿದೆ. ಮಂಜಿಗೆ ರಸ್ತೆಯೇ ನಿಂತಿದೆ ಎಂದರು.

ಹಾಗಾದರೆ ಗಿಣ್ಣನ್ನು ಕೈಯಿಂದಲೇ ಕರೆಯುವುದು. ಲಾಯದ ಸೈಸ್, ಅಂದರೆ ಕುದುರೆಗಳ ಆಳು, ಇನ್ನಿಬ್ಬರೊಂದಿಗೆ ಹಗ್ಗ ಹಿಡಿದ. ನಾನು ಕೆಚ್ಚಲಿಗೆ ಕೈಯಿಟ್ಟೆ. ಪಾತ್ರೆ ಚಾವಣಿಗೆ ಹಾರಿತು. ಅದರಲ್ಲಿದ್ದ ನಾಲ್ಕು ಹನಿ ಗಿಣ್ಣು ನನ್ನ ಜಾಕೆಟಿಗೆ ಸಂದಾಯವಾಯಿತು. ಮೇಲ್ದುಟಿಗೆ ಹಗ್ಗದ ಕುಣಿಕೆ ಹಾಕಿ ಕೋಲಿನಿಂದ ತಿರುಚಿ ಹಿಡಿದರೆ ಹೆಚ್ಚಿನ ಕುದುರೆಗಳು ತಣ್ಣಗಾಗುತ್ತವೆ. ಇದು ಎರಡು ಕಾಲಿನ ಮೇಲೆ ಎದ್ದು ನಿಂತಿತು, ಕೋಲು ಹಿಡಿದವನು ಹುಲ್ಲಿನ ರಾಶಿಗೆ ಬಿದ್ದ. ಮಂಪರಿನ ಇಂಜೆಕ್ಷನ್ ಕೊಟ್ಟೆ. ತಲೆ ನೆಲಕ್ಕೆ ಜೋತಿತು, ಕಣ್ಣು ಅರೆ ಮುಚ್ಚಿತು. ಅಬ್ಬ ಎಂದುಕೊಂಡು ಮರಿಯನ್ನು ತಬ್ಬಿ ಕೆಚ್ಚಲ ಬಳಿ ತಂದೆ. ಮೂತಿ ತಾಗಿತೋ ಇಲ್ಲವೋ, ಹಿಂಗಾಲು ಮೇಲೆದ್ದಿತು. ಮಂಪರಿನಲ್ಲಿರುವ ಕುದುರೆಯ ಒದೆ ಮುನ್ಸೂಚನೆಯಿಲ್ಲದೆ ಬರುತ್ತದೆ, ಪುಸ್ತಕದಲ್ಲೂ ಹಾಗೇ ಇದೆ. ಆದರೆ ಪುಸ್ತಕ ಓದುವಾಗ ತೋಳಿನಲ್ಲಿ ಮರಿ ಇರುವುದಿಲ್ಲ.

ಹೆದರಿಕೆಗೂ ಸಿಟ್ಟಿಗೂ ನನಗೆ ಬರುವುದು ಒಂದೇ ಭಾಷೆ. “ಬಿಡೇ ಮಾರಾಯ್ತಿ!” ಎಂದು ಕಿರುಚಿದೆ. ಸಾಕು ಮಾಡು, ನಿನ್ನ ಹಟ ಬಿಡು ಎಂಬ ಅರ್ಥದಲ್ಲಿ.

ಕಾಲು ಇಳಿಯಿತು.

ಮೆಲ್ಲಗೆ, ಹೇಳಿದ್ದು ಕೇಳಿಸಿತು ಎನ್ನುವಂತೆ, ಗೊರಸು ನೆಲ ಮುಟ್ಟಿತು. ನಾನು ಮರಿಯನ್ನು ಎಳೆದುಕೊಂಡು ಹಿಂದೆ ಸರಿದೆ. ಯಾರೂ ಕುದುರೆಯನ್ನು ನೋಡುತ್ತಿರಲಿಲ್ಲ. ಎಲ್ಲರೂ ನನ್ನನ್ನು ನೋಡುತ್ತಿದ್ದರು.

“ಆ ಶಬ್ದ ನಿಮಗೆ ಯಾರು ಹೇಳಿದರು?” ಮಾಲಕಿಯ ಮುಖ ಬಿಗಿದಿತ್ತು.

“ಯಾವ ಶಬ್ದ?”

“ಈಗ ಹೇಳಿದಿರಲ್ಲ, ಅದು. ಅದು ನಮ್ಮ ಮನೆಯದು. ಹೊರಗಿನವರ ಮುಂದೆ ನಾವು ಅದನ್ನ ಆಡೋದೇ ಇಲ್ಲ. ಕುದುರೆ ಮಾರುವಾಗ ಕೊಂಡವರ ಕಿವಿಯಲ್ಲಿ ಮಾತ್ರ ಹೇಳ್ತೀವಿ.”

ಉಪನಯನದಲ್ಲಿ ಬಟ್ಟೆ ಮರೆಮಾಡಿ ಮಂತ್ರ ಹೇಳುವ ಹಾಗೆ! ನಾನು ಬಾಯಿ ಬಿಡುವ ಮೊದಲೇ ಬಾಗಿಲಿಂದ ಬಾವೂಜಿಯ ದನಿ ಬಂತು. ಕೋಲೂರಿ ಎದ್ದು ನಿಂತಿದ್ದರು.

“ತಪ್ಪು ಹೇಳಿದಳು ಡಾಕ್ಟರ್‌ನಿ. ಅದು ಬಿಡೇ ಅಲ್ಲ. ಬಿಡು. ಅಪ್ಪ ಹೇಳಿದ್ದ ಶಬ್ದ ಕೆಡಿಸಬಾರದು.”

ಹರಿಯಾಣದ ಹಿರಿಯರೊಬ್ಬರು ಕರಾವಳಿಯವಳ ಕನ್ನಡ ತಿದ್ದಿದ ಪ್ರಸಂಗ ಇದೊಂದೇ ಇರಬೇಕು. ನನಗೆ ನಗುವೂ ಬಂತು, ಮೈಯೂ ಜುಮ್ಮೆಂದಿತು. “ಬಾವೂಜಿ, ಬಿಡು ಎಂದರೂ ಸರಿ, ಬಿಡೇ ಎಂದರೂ ಸರಿ. ಹೆಂಗಸರಿಗೆ ಸಲಿಗೆಯಲ್ಲಿ ಬಿಡೇ ಅನ್ನುತ್ತೇವೆ. ಇದು ನನ್ನ ಮನೆಮಾತು. ಕನ್ನಡ. ಇನ್ನೂ ಯಾವ ಯಾವ ಶಬ್ದ ಇದೆ ಹೇಳಿ.”

ಅವರು ನನ್ನನ್ನೇ ನೋಡುತ್ತ ಒಂದೊಂದಾಗಿ ಹೇಳಿದರು. ನಿಲ್ಲೂ. ಮೆಲ್ಲಾ. ತಿರುಗೂ. ಯೆತ್ತೂ. ಲಾಳ ಕಟ್ಟುವಾಗ ಯೆತ್ತೂ ಎಂದರೆ ಕಾಲೆತ್ತಬೇಕು, ಬಿಡು ಎಂದರೆ ಇಳಿಸಬೇಕು. ನಾನು ಒಂದೊಂದಕ್ಕೂ ಹಿಂದಿಯಲ್ಲಿ ಅರ್ಥ ಹೇಳಿದೆ. ಅಜ್ಜ ಇದ್ದ ಅಶ್ವದಳ ದಕ್ಷಿಣದಲ್ಲಿ ಎಲ್ಲಿತ್ತೆಂದು ಕೇಳಿದರೆ, “ಮೈಸೂರ್ ಕಡೆ. ಅಲ್ಲಿನ ಉಸ್ತಾದ್ ಹತ್ತಿರ ಕಲಿತನಂತೆ. ಇದು ಯಾವ ಭಾಷೆ ಅಂದರೆ, ಕುದುರೆಗಳ ಭಾಷೆ ಅಂತಿದ್ದ. ನಾನೂ ನಂಬಿದೆ” ಎಂದರು. ಬಾವೂಜಿಯ ಕಣ್ಣು ಒದ್ದೆಯಾಗಿತ್ತು. ಜೀವಮಾನವಿಡೀ ಆಡಿದ ಮಾತಿಗೆ ಅರ್ಥವಿದೆ ಎಂದು ಆಗಷ್ಟೇ ಅವರಿಗೆ ಗೊತ್ತಾದದ್ದು.

ನಾನು ಒಂದು ವರ್ಷ ಆ ಲಾಯಕ್ಕೆ ಓಡಾಡಿದ್ದೆ. ನನ್ನದೇ ಭಾಷೆಯನ್ನು ನನ್ನ ಎದುರು ಮುಚ್ಚಿಟ್ಟುಕೊಂಡು ಕೂತಿದ್ದರು ಪುಣ್ಯಾತ್ಮರು.

ಬೆರಗಾಗಲು ಸಮಯವಿರಲಿಲ್ಲ. ಮರಿ ಸೋತು ಮಲಗಿತ್ತು, ಬಾಯಿಗೆ ಬೆರಳಿಟ್ಟರೆ ಚೀಪುವ ಬಲವೂ ಕಡಿಮೆಯಾಗಿತ್ತು. ಮುಂದಿನ ದಾರಿ ಎರಡು. ಇನ್ನೊಂದು ಇಂಜೆಕ್ಷನ್ ಕೊಟ್ಟು, ಇನ್ನಷ್ಟು ಜನ ಸೇರಿಸಿ, ಕಾಲು ಕಟ್ಟುವುದು. ನಾನು ಕಲಿತ ವಿದ್ಯೆ ಅದನ್ನೇ ಹೇಳುತ್ತಿತ್ತು. ಆದರೆ ಹಗ್ಗ ಬಿಗಿದಷ್ಟೂ ಅದರ ಹಟ ಏರಿದ್ದನ್ನು ಬೆಳಗಿನಿಂದ ಕಂಡಿದ್ದೆ. ಹುಟ್ಟಿದಾಗಿನಿಂದ ಮಾತು ಕೇಳಿ ಬೆಳೆದ ಕುದುರೆ ಅದು, ಹಗ್ಗ ಅದಕ್ಕೆ ಅವಮಾನ. ಇನ್ನೊಂದು ದಾರಿ ಎಂದರೆ ಎಲ್ಲವನ್ನೂ ಬಿಚ್ಚಿ ಬರೀ ಮಾತನ್ನು ನಂಬುವುದು. ತಪ್ಪಿದರೆ ಒಂದು ಒದೆಗೆ ಮರಿ ಮುಗಿಯುತ್ತದೆ, ಜೊತೆಗೆ ಮನೆಯ ಸಾಲೂ, ಜಾಗವೂ. ನಿರ್ಧಾರ ನನ್ನ ಮೇಲೆ ಬಿತ್ತು.

“ಹಗ್ಗ ಬಿಚ್ಚಿ. ನೀವು ಮೂವರೂ ಹೊರಗೆ ಹೋಗಿ” ಎಂದೆ. ಸೈಸ್ ಮಾಲಕಿಯ ಮುಖ ನೋಡಿದ. ಆಕೆ ನನ್ನ ಮುಖ ನೋಡಿದರು. ಆಮೇಲೆ ತಾವೇ ಹಗ್ಗ ಬಿಚ್ಚಿದರು.

ಮಂಪರು ಪೂರ್ತಿ ಇಳಿಯಲು ಬಿಟ್ಟೆವು. ಮಾಲಕಿ ತಲೆಯ ಬಳಿ, ಬಾವೂಜಿ ಕುದುರೆಗೆ ಕಾಣುವಂತೆ ಬಾಗಿಲ ಒಳಗೆ ಸ್ಟೂಲಿನ ಮೇಲೆ, ನಾನು ಅದರ ಪಕ್ಕೆಗೆ ಭುಜ ಒತ್ತಿ ಕೆಚ್ಚಲ ಬಳಿ. “ನಿಲ್ಲೂ” ಎಂದರು ಬಾವೂಜಿ. ದನಿ ಬದಲಾಗಿತ್ತು, ಎಂದೋ ಯಾರೋ ಕಲಿಸಿದ ಧಾಟಿ ಅದು. ಕುದುರೆ ನೆಟ್ಟಗಾಯಿತು. ಕೈ ತಾಗಿದಾಗ ಕಾಲು ಎದ್ದಿತು. “ಬಿಡು.” ಇಳಿಯಿತು. ಮತ್ತೆ ಎದ್ದಿತು. “ಬಿಡು.” ಮತ್ತೆ ಇಳಿಯಿತು. ಪ್ರತಿ ಸಲ ಇಳಿದಾಗಲೂ ಮಾಲಕಿ ಹಣೆ ಸವರಿ ಒಂದು ಚೂರು ಬೆಲ್ಲ ಕೊಟ್ಟರು. ಹಳದಿ ಬಣ್ಣದ ದಪ್ಪ ಗಿಣ್ಣು ಬಾಟಲಿಗೆ ಬರತೊಡಗಿತು. ಒಂದು ಹನಿಯೂ ಚೆಲ್ಲಲಿಲ್ಲ.

ಮೊದಲ ಬಾಟಲಿಯನ್ನು ಮರಿಗೆ ಚೀಪಿಸುತ್ತ ಕೂತಿದ್ದಾಗ ಅಮ್ಮನ ಫೋನ್. ದಿಲ್ಲಿಯ ಮುನಿರ್ಕಾದಲ್ಲಿ ನಮ್ಮ ತವರಿನವರ ಇಡ್ಲಿ ಹೋಟೆಲು, ಅಡುಗೆಮನೆಯ ಗಲಾಟೆಯ ನಡುವೆಯೇ ಅವಳು ನನ್ನ ಹೊಟ್ಟೆಯ ವಿಚಾರಣೆ ಮಾಡುವುದು. “ತಿಂಡಿ ಆಯ್ತಾ?” ಎಂದಳು. ಆಗಲಿಲ್ಲ, ಇಲ್ಲೊಂದು ಕುದುರೆಗೆ ಕನ್ನಡ ಬರುತ್ತದೆ ಎಂದೆ.

“ಎಂತ, ಕನ್ನಡವಾ? ಮಾತಾಡ್ತದಾ?”

“ಮಾತಾಡುದಿಲ್ಲ ಅಮ್ಮ. ಅರ್ಥ ಆಗ್ತದೆ.”

“ಹಾಗಾದ್ರೆ ನಿನ್ನ ಮಗನ ಹಾಗೇ ಆಯ್ತಲ್ಲ” ಎಂದಳು ಅಮ್ಮ. “ಪಾಪ, ಅದಕ್ಕಾದ್ರೂ ನೀನು ಸರಿ ಕನ್ನಡ ಮಾತಾಡು.”

ಬಾಟಲಿ ಖಾಲಿಯಾಗುವಷ್ಟರಲ್ಲಿ ಮರಿ ಕಿವಿ ನೆಟ್ಟಗೆ ಮಾಡಿತು. ಜೀವಕ್ಕೆ ಮೊದಲ ಕಾವಲು ಸಿಕ್ಕಿತು. ಆದರೆ ತಾಯಿ ಒಪ್ಪದೆ ಕೆಲಸ ಮುಗಿಯುವುದಿಲ್ಲ. ಅದರದೇ ಹಾಲನ್ನು ಮರಿಯ ಬೆನ್ನಿಗೆ, ಬಾಲದ ಬುಡಕ್ಕೆ ಸವರಿ, ತಾಯಿಯ ಮೂಗಿನ ಬಳಿ ತಂದೆವು. ಮೂಸಿತು. ಮುಖ ತಿರುಗಿಸಿತು. ಮತ್ತೆ ಮೂಸಿತು. ಕಿವಿಗಳು ಮುಂದೆ ಬಂದು ತುದಿಗೆ ತುದಿ ತಾಗಿದವು. ಮರಿಯನ್ನು ಮೆಲ್ಲಗೆ ಹಿಂದಕ್ಕೆ ನಡೆಸಿದೆ. ಕಾಲು ಎದ್ದಿತು, ಅರ್ಧದಲ್ಲೇ ನಿಂತಿತು. ಬಾವೂಜಿ ಬಾಯಿ ತೆರೆದರು. ಅವರು ಹೇಳುವ ಮೊದಲೇ ಕಾಲು ತಾನಾಗಿ ಇಳಿಯಿತು. ಮರಿ ತಡಕಾಡಿ, ಮಂಡಿಗೆ ಮುತ್ತಿಟ್ಟು, ಹೊಟ್ಟೆಗೆ ಗುದ್ದಿ, ಕೊನೆಗೆ ಸರಿಯಾದ ಜಾಗ ಹಿಡಿಯಿತು. ಚಪ್ಪರಿಸುವ ಸದ್ದು ಲಾಯದ ತುಂಬ ಕೇಳಿಸಿತು. ತಾಯಿ ಗಂಟಲಲ್ಲೇ ಒಂದು ಸಣ್ಣ ದನಿ ತೆಗೆಯಿತು. ಕುದುರೆ ತನ್ನ ಮರಿಗೆ ಮಾತ್ರ ತೆಗೆಯುವ ದನಿ ಅದು. ಅದನ್ನು ಕೇಳಿದ ಮೇಲೆ ವೈದ್ಯರು ಸಲಕರಣೆ ತೊಳೆದು ಚೀಲಕ್ಕೆ ತುಂಬಬಹುದು.

ನಾನು ತೊಳೆಯಲಿಲ್ಲ. ಗೋಡೆಗೊರಗಿ ನಿಂತು ಅತ್ತೆ. ಹೆಮ್ಮೆಯಿಂದಲೇ ಅತ್ತೆ. ನನ್ನ ಕೆಲಸದ ಹೆಮ್ಮೆ ಎಷ್ಟು, ಭಾಷೆಯ ಹೆಮ್ಮೆ ಎಷ್ಟು ಎಂದು ಆಗ ಯಾರಾದರೂ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ಯಾರೋ ಒಬ್ಬ ಕನ್ನಡದ ಉಸ್ತಾದ್, ಅವನ ಹೆಸರೂ ಈ ಮನೆಯವರಿಗೆ ಗೊತ್ತಿಲ್ಲ. ಅವನು ಕಲಿಸಿದ ನಾಲ್ಕೈದು ಶಬ್ದಗಳನ್ನು ಮೂರು ತಲೆಮಾರು ಅರ್ಥ ತಿಳಿಯದೆಯೂ ಅಕ್ಷರ ಕೆಡದಂತೆ ಕಾಪಾಡಿದ್ದರು.

“ಡಾಕ್ಟರ್‌ನಿ,” ಬಾವೂಜಿ ಕರೆದರು, “ಹಾಲು ‘ಪೀ’ ಅನ್ನೋದಕ್ಕೆ ನಿಮ್ಮಲ್ಲಿ ಏನಂತಾರೆ? ಅಪ್ಪ ಅದೊಂದನ್ನ ಕಲಿಸಲಿಲ್ಲ. ಯಾವ ಕುದುರೆಗೂ ಅದನ್ನ ಹೇಳಬೇಕಾಗಿ ಬರಲಿಲ್ಲ.”

“ಕುಡಿ” ಎಂದೆ.

“ಕುಡೀ?” ಅವರು ಹಲ್ಲಿಲ್ಲದ ಬಾಯಿ ತುಂಬ ನಕ್ಕರು. “ಅರೇ, ಅದು ನಮ್ಮ ಪಂಜಾಬಿ ನೆರೆಯವರ ಮಾತು! ಹುಡುಗಿಗೆ ಕುಡೀ ಅಂತಾರೆ ಅವರು.” ಮಗಳತ್ತ ತಿರುಗಿದರು. “ಚಲೋ, ಹೆಸರು ಸಿಕ್ಕಿತು.”

ತಾಯಿಯ ಹಾಲು ಹೊಟ್ಟೆಗೆ ಬೀಳುವ ತನಕ ಮರಿಗೆ ಹೆಸರಿಡುವ ಪದ್ಧತಿ ಆ ಮನೆಯಲ್ಲಿಲ್ಲ. ಮಾಲಕಿ ಲಾಯದ ಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದಿಂದ ನಾಗರಿ ಲಿಪಿಯಲ್ಲಿ ಬರೆಯುತ್ತಿದ್ದಾಗ ಅಂಗಳದಲ್ಲಿ ಕಾರು ನಿಂತಿತು. ತಮ್ಮ ಬಂದಿದ್ದ. ಫೋನ್ ಕೈಯಲ್ಲೇ ಇತ್ತು, ಅಳತೆಯವರು ಯಾವಾಗ ಬರಬೇಕೆಂದು ಕೇಳುತ್ತಿದ್ದರೋ ಏನೋ. ಯಾರನ್ನೂ ಮಾತಾಡಿಸದೆ ಒಳಗೆ ಬಂದ. ಬೂಟಿಗೆ ಲದ್ದಿ ಮೆತ್ತಿದ್ದನ್ನೂ ಗಮನಿಸದೆ ಮರಿ ಹಾಲು ಹೀರುವುದನ್ನು ನೋಡುತ್ತ ನಿಂತ. ಹಲಗೆ ಓದಿದ.

“ಕುಡೀ. ಹುಡುಗಿ ಅಂತಲಾ?”

“ಅದೂ ಹೌದು,” ಎಂದೆ. “ನಮ್ಮ ಭಾಷೆಯಲ್ಲಿ ‘ಪೀ’ ಅಂತಲೂ ಹೌದು. ಇನ್ನೂ ಒಂದು ಅರ್ಥ ಇದೆ. ಬಳ್ಳಿಯ ತುದಿಯಲ್ಲಿ ಹೊಸದಾಗಿ ಒಡೆಯುವ ಚಿಗುರಿಗೂ ಕುಡಿ ಅಂತೇವೆ. ವಂಶ ಮುಂದುವರಿಸೋ ಮಗುವನ್ನ ವಂಶದ ಕುಡಿ ಅಂತೇವೆ.”

ಅಕ್ಕ ಸೀಮೆಸುಣ್ಣ ಹಿಡಿದೇ ನಿಂತಿದ್ದರು. ಬಾವೂಜಿ ಮಗನ ಮುಖ ನೋಡಲಿಲ್ಲ, ಕುದುರೆಯನ್ನೇ ನೋಡುತ್ತಿದ್ದರು. ತಮ್ಮ ಫೋನನ್ನು ಕಿವಿಗೆ ಹಿಡಿದ.

“ಭಯ್ಯಾ, ಬರೋದು ಬೇಡ. ನಾಳೆಯೂ ಬೇಡ,” ಎಂದ. ಅತ್ತ ಏನೋ ಕೇಳಿರಬೇಕು. ಅವನ ದನಿ ಏರಿತು, ಅಂಗಳದವರೆಗೂ ಕೇಳುವಷ್ಟು.

“ನಮ್ಮ ಮನೆಯಲ್ಲಿ ಹೆಣ್ಣು ಹುಟ್ಟಿದೆ!”